ಕಪ್ಪು ಫ್ಲೆಕ್ಸಿನ ಪರಾಕ್ರಮ

“ನನ್ನ ಫ್ಲೆಕ್ಸಿನಾಗ ಒಬ್ಬನ ಒಬ್ಬ ಲೀಡರ್ ಮಾರಿ ಇರಂಗಿಲ್ಲ! ಬೇಕಾರ ಬರದಿಟ್ಟುಗೋ!”

ಸತ್ಯನಾರಾಯಣಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಅಮರೇಶ್ ಹೀಗೆಂದು ಗುಡುಗಿದ್ದು ಸೋಮವಾರ ಬೆಳಿಗ್ಗೆ, ಮಂಡಕ್ಕಿ ವಗ್ಗರಣಿಯ ತಟ್ಟೆ ಮುಂದಿಟ್ಟುಕೊಂಡು. ಕೇಳಿಸಿಕೊಳ್ಳಲು ಇದ್ದವರು ಒಬ್ಬರೇ, ಧರ್ಮಪತ್ನಿ ದಾಕ್ಷಾಯಣಿ. ಆಕೆ ಹೈಸ್ಕೂಲಿನ ಗಣಿತದ ಟೀಚರು. ಗಣಿತದವರು ಗುಡುಗಿಗೆಲ್ಲ ಬೆಚ್ಚುವುದಿಲ್ಲ.

“ಮಾರಿ ಇಲ್ಲಂದ್ರ ಮಂದಿ ಬರಂಗಿಲ್ರೀ,” ಎಂದಳು ಆಕೆ, ಹಸಿಮೆಣಸಿನಕಾಯಿ ಬದಿಗೆ ಸರಿಸುತ್ತ.

ಮಾತು ಸುಳ್ಳಲ್ಲ. ಬಳ್ಳಾರಿಯ ಫ್ಲೆಕ್ಸಿಗೆ ಒಂದು ಶಾಸ್ತ್ರವಿದೆ. ಹುಟ್ಟುಹಬ್ಬವಿರಲಿ, ಗೃಹಪ್ರವೇಶವಿರಲಿ, ಮಗ ಎಸ್ಸೆಸ್ಸೆಲ್ಸಿ ದಾಟಿದ್ದಿರಲಿ, ಮೇಲೆ ನಾಲ್ಕು ದೊಡ್ಡ ತಲೆ, ಕೆಳಗೆ ‘ಶುಭ ಕೋರುವವರು’ ಎಂದು ನಲವತ್ತು ಸಣ್ಣ ತಲೆ. ತಲೆಗಳ ನಡುವೆ ಜಾಗ ಉಳಿದರೆ ವಿಷಯ! ಉಳಿಯದಿದ್ದರೆ ವಿಷಯಕ್ಕೇನು, ಮುಂದಿನ ಫ್ಲೆಕ್ಸಿನಲ್ಲಿ ಬಂದೀತು.

ಅಮರೇಶನ ವಿಷಯ ಮಾತ್ರ ಅಂಥದ್ದಲ್ಲ. ಅವನು ಒಂದು ಸಾಕ್ಷ್ಯಚಿತ್ರ ತೆಗೆದಿದ್ದ. ಐದು ವರ್ಷ, ಒಬ್ಬನೇ, ಒಂದು ಕ್ಯಾಮೆರಾ ಹಿಡಿದುಕೊಂಡು! ತೊಂಬತ್ತರ ದಶಕದಲ್ಲಿ ಬಳ್ಳಾರಿ ಸೀಮೆಯಲ್ಲಿ ‘ಕಗ್ಗಲ್ಲು’ ಎಂಬ ರಾಕ್ ತಂಡವೊಂದಿತ್ತು. ಟ್ರ್ಯಾಕ್ಟರ್ ಟ್ರೇಲರನ್ನೇ ವೇದಿಕೆ ಮಾಡಿಕೊಂಡು ಊರೂರಲ್ಲಿ ಬಾರಿಸುತ್ತಿತ್ತು. ಕುರುಗೋಡಿನಲ್ಲಿ ಹದಿನೇಳರ ಹರೆಯದಲ್ಲಿ ಅದನ್ನು ಕೇಳಿದ ಅಮರೇಶನ ಕಿವಿ ಮೂರು ದಿನ ಗುಂಯ್‌ಗುಟ್ಟಿತು. ಕಿವಿ ಆಮೇಲೆ ಸರಿಹೋಯಿತು, ತಲೆ ಇವತ್ತಿನವರೆಗೆ ಸರಿಹೋಗಿಲ್ಲ ಎಂದು ದಾಕ್ಷಾಯಣಿ ಹೇಳುತ್ತಾಳೆ.

ತಂಡದ ಗಿಟಾರಿಸ್ಟು ಕುರುಗೋಡಿನ ದೊಡ್ಡಬಸವರಾಜ. ತೊಂಬತ್ತೆಂಟರಲ್ಲಿ ತಂಡ ಒಡೆದ ಮೇಲೆ ಆತ ಸಿರುಗುಪ್ಪಕ್ಕೆ ಹೋಗಿ ಬೀಜ-ಗೊಬ್ಬರದ ಅಂಗಡಿ ಹಾಕಿದ. ಅಮರೇಶ್ ಕ್ಯಾಮೆರಾ ಹಿಡಿದು ಹತ್ತು ಸಲ ಹೋದಾಗ ಹತ್ತು ಸಲವೂ ಮಾತಾಡಿದ್ದ. ಆದರೆ ಚಿತ್ರದ ಮೊದಲ ಪ್ರದರ್ಶನಕ್ಕೆ ಬಾ ಎಂದರೆ ಖಡಾಖಂಡಿತ ನಿರಾಕರಿಸಿದ್ದ. “ನಾಟಿ ಹಂಗಾಮು. ಯೂರಿಯಾ ಬಿಟ್ಟು ಗಿಟಾರ್ ನೋಡಾಕ ಬರ್ಲೇನು? ಹೋಗಲೇ!”

ಇಷ್ಟಾದರೆ ಕಲಾವಿದನ ಕಷ್ಟ ಎನ್ನಬಹುದಿತ್ತು. ಅಮರೇಶನಿಗೆ ಸಂಸಾರಿಯ ಕಷ್ಟವೂ ಇತ್ತು. ಮನೆಯ ಹೊರಗಿನ ಖೋಲಿಯಲ್ಲಿ ಹನ್ನೊಂದು ಟ್ರಂಕು ಕ್ಯಾಸೆಟ್ಟುಗಳು ಹತ್ತೊಂಬತ್ತು ವರ್ಷದಿಂದ ರಾಜ್ಯಭಾರ ಮಾಡುತ್ತಿದ್ದವು. ಆ ಖೋಲಿ ದಾಕ್ಷಾಯಣಿಗೆ ಟ್ಯೂಷನ್ನಿಗೆ ಬೇಕು. ಅಂದು ಬೆಳಿಗ್ಗೆ ಆಕೆ ಕೊನೆಯ ಕರಾರು ಮುಂದಿಟ್ಟಳು.

“ನೂರು ಮಂದಿ. ಬಂದು ಹೋಗೋದಲ್ಲ, ನಿಮ್ಮ ಸಿನಿಮಾ ಕೊನೀತನಕ ಕುಂತು ನೋಡಬೇಕು. ನೂರಾದ್ರ ಆ ಖೋಲಿ ಸುದ್ದಿಗೆ ನಾ ಬರಂಗಿಲ್ಲ. ತೊಂಬತ್ತೊಂಬತ್ತಾದ್ರ ಮುಂದಿನ ಸೋಮವಾರ ಗುಜರಿ ಗಾಡಿ ಬರ್ತೈತಿ.”

“ನೂರೇನು, ಇನ್ನೂರು ಬರ್ತಾರ!” ಎಂದು ಅಮರೇಶ್ ಎದ್ದ. ತಟ್ಟೆಯಲ್ಲಿ ಮಂಡಕ್ಕಿ ಅರ್ಧ ಉಳಿದಿತ್ತು. ವೀರರು ಪೂರ್ತಿ ಉಣ್ಣುವುದಿಲ್ಲ.

ಫ್ಲೆಕ್ಸಿನ ನಕ್ಷೆಯನ್ನು ತಾನೇ ಮಾಡಿದ. ಹಿನ್ನೆಲೆ ಅಪ್ಪಟ ಕಪ್ಪು. ನಡುವೆ ದೊಡ್ಡಬಸವರಾಜನ ಹಳೆಯ ಕಪ್ಪು-ಬಿಳುಪು ಫೋಟೋ. ಗಿಟಾರ್ ಬಾರಿಸುತ್ತ ಬಾರಿಸುತ್ತ ಮೈಮರೆತು ಕಣ್ಣು ಮುಚ್ಚಿದ ಗಳಿಗೆ! ಗಿಟಾರ್ ಸಮೇತ ಹಾಕಿದರೆ ಮುಖ ಸಣ್ಣದಾಗುತ್ತದೆಂದು ಭುಜದಿಂದ ಕೆಳಗೆ ಕತ್ತರಿಸಿ ಒಗೆದ. ಮೇಲೆ ‘ನೀವು ಮರೆತಿರಬಹುದು, ನಾವು ಮರೆತಿಲ್ಲ’. ಕೆಳಗೆ ತಂಡ ಬದುಕಿದ್ದ ಕಾಲ, ‘1991–1998’. ಅದರ ಕೆಳಗೆ ‘ಭಾನುವಾರ ಬೆಳಿಗ್ಗೆ 11ಕ್ಕೆ, ಸತ್ಯನಾರಾಯಣಪೇಟೆ ಸಮುದಾಯ ಭವನ. ಎಲ್ಲರೂ ತಪ್ಪದೆ ಬನ್ನಿ’. ಚಿತ್ರದ ಹೆಸರು ‘ಕಗ್ಗಲ್ಲು’ ಎಂಬುದನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದ. ದೊಡ್ಡ ನಿರ್ದೇಶಕರು ಹೆಸರನ್ನು ಕಿರುಚುವುದಿಲ್ಲವಂತೆ.

ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವ ಮನುಷ್ಯನಿಗೆ ತನ್ನ ಮುಂದಿರುವುದು ಏನು ಎಂದು ಕಾಣಲಿಲ್ಲ, ನೋಡಿ!

ಫ್ಲೆಕ್ಸ್ ಮುದ್ರಿಸುವ ಹುಲುಗೇಶ್ ಅದನ್ನು ಕಂಪ್ಯೂಟರಿನಲ್ಲಿ ತೆರೆದವನು ಕುರ್ಚಿಯಿಂದ ಅರ್ಧ ಎದ್ದ.

“ಯಾವಾಗ್ರಿ ಸರ್?” ಎಂದ ಮೆಲ್ಲಗೆ.

“ಭಾನುವಾರ. ಹನ್ನೊಂದಕ್ಕ.”

“ವಯಸ್ಸೆಷ್ಟ್ರಿ ಇವ್ರದು?”

“ಐವತ್ತಾರು.”

“ಚ್ಚ್ ಚ್ಚ್! ಏನ್ ವಯಸ್ರಿ ಅದು!”

“ಹೌದಪಾ ಹುಲುಗೇಶ! ಅಂಥಾ ಕೈ ಮತ್ತ ಹುಟ್ಟಂಗಿಲ್ಲ!” ಎಂದ ಅಮರೇಶನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಹುಲುಗೇಶನದೂ ಆಯಿತು. “ನೀವು ಮನಿಗೆ ಹೋಗ್ರಿ ಸರ್, ಉಳಿದದ್ದು ನಾ ನೋಡ್ಕೊಂತೀನಿ,” ಎಂದು ಕೈ ಹಿಡಿದು ಕಳಿಸಿಕೊಟ್ಟ.

ಉಳಿದದ್ದನ್ನು ಆತ ನೋಡಿಯೇ ಕೊಂಡ. ಬುಧವಾರ ಬಳ್ಳಾರಿಯಲ್ಲೊಂದು, ಕುರುಗೋಡಿನಲ್ಲೊಂದು, ಸಿರುಗುಪ್ಪದಲ್ಲೊಂದು ಫ್ಲೆಕ್ಸ್ ಎದ್ದು ನಿಂತಾಗ ಕೆಳಗಿನ ಎರಡೂ ಮೂಲೆಗಳಲ್ಲಿ ಅಮರೇಶ್ ಹಾಕದಿದ್ದ ಎರಡು ಜ್ವಾಲೆಗಳು ಬೆಳಗುತ್ತಿದ್ದವು. ಹುಲುಗೇಶ್ ತನ್ನ ಅಂಗಡಿಯ ಪದ್ಧತಿಯಂತೆ ಪುಕ್ಕಟೆಯಾಗಿ ಹಚ್ಚಿದ ಎರಡು ದೀಪ! ಅಮರೇಶನಿಗೆ ಅದು ಕಂಡದ್ದೇ ಬೇರೆ.

“ನೋಡು ನೋಡು! ಬೆಂಕಿ ಹಾಕ್ಯಾನ! ರಾಕ್ ಅಂದ್ರ ಏನಂತ ಹುಲುಗೇಶಗ ಸೈತ ತಿಳದೈತಿ!” ಎಂದು ಹೆಂಡತಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದ.

ಶಾಲೆಗೆ ಹೊರಟಿದ್ದ ದಾಕ್ಷಾಯಣಿ ಚಪ್ಪಲಿ ಮೆಟ್ಟುತ್ತ ನೋಡಿದಳು. “ಯಾಕೋ ಇದ್ನ ನೋಡಿದ್ರ ಕೈ ಮುಗೀಬೇಕು ಅನಸ್ತೈತ್ರಿ.”

“ಅದಕ್ಕಾ ಅನ್ನೋದು ಕಲಾ ಅಂತ!”

ಕಲೆಯ ಪರಿಣಾಮ ಗುರುವಾರ ಬೆಳಿಗ್ಗೆ ಕುರುಗೋಡಿನಿಂದ ಶುರುವಾಯಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಇಬ್ಬರು ಕತ್ತೆತ್ತಿ ನಿಂತರು.

“ಏ, ನಮ್ಮ ದೊಡ್ಡಬಸವರಾಜ ಅಲ್ಲೇನಲೇ?”

“ಹೌದಲೋ! ಅಯ್ಯೋ ಶಿವನಾ! ಮನ್ನೆ ಸಿರುಗುಪ್ಪದಾಗ ಸಿಕ್ಕಿದ್ದ, ಗಟ್ಟಿಮುಟ್ಟ ಇದ್ದ.”

“ಆದ್ರ ತೊಂಬತ್ತೊಂದರಾಗ ಹುಟ್ಟಿ ತೊಂಬತ್ತೆಂಟಕ್ಕ ಹೋದ ಅಂತ ಹಾಕ್ಯಾರ. ಏಳು ವರ್ಷಕ್ಕ ಮೀಸಿ ಬರ್ತಾವೇನು?”

“ಪ್ರಿಂಟಿಂಗ್ ಮಿಸ್ಟೇಕ್ ಇರ್ತೈತಿ ಬಿಡೋ. ದುಃಖದಾಗ ಯಾರ್ ನೋಡ್ತಾರ!”

ಅಷ್ಟೇ. ಊರಿನ ಮಗ ಹೋದನೆಂದು ಬಸ್‌ಸ್ಟ್ಯಾಂಡ್ ಸುತ್ತಲಿನ ಅಂಗಡಿಗಳು ಅರ್ಧ ಗಂಟೆ ಷಟರ್ ಇಳಿಸಿದವು. ದೊಡ್ಡಬಸವರಾಜನ ದೊಡ್ಡವ್ವ ಒಂದು ಕ್ರೂಸರ್ ತುಂಬ ನೆಂಟರನ್ನು ಹತ್ತಿಸಿಕೊಂಡು, ದಾರಿಯುದ್ದ ಅಳುತ್ತ ಅಳಿಸುತ್ತ ಸಿರುಗುಪ್ಪಕ್ಕೆ ಹೊರಟಳು. ಗಾಡಿ ಅಂಗಡಿಯ ಮುಂದೆ ನಿಂತಾಗ ಗೊಬ್ಬರದ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಹೊರಗೆ ಬಂದವನು ಸಾಕ್ಷಾತ್ ದೊಡ್ಡಬಸವರಾಜ!

ಹತ್ತು ನಿಮಿಷದ ಮೇಲೆ ಅಮರೇಶನ ಫೋನು ರಿಂಗಾಯಿತು.

“ಲೇ ಅಮರೇಶಾ, ನಾ ಸತ್ತದ್ದು ಯಾವಾಗ ಅಂತ ನಂಗೊಂದು ಮಾತು ಹೇಳಿದ್ರ ಚಲೋ ಆಗ್ತಿತ್ತಲೇ. ಅಂಗಡಿ ಬಾಗ್ಲಾ ತಗೀಲೋ ಹಾಕಲೋ ತಿಳೀವಲ್ದು!”

“ಅಣ್ಣಾ, ಏನಂತೀರಿ ಅಣ್ಣಾ?”

“ಏನಂತೀನಾ? ನಮ್ಮ ದೊಡ್ಡವ್ವ ಎಲ್ಲರ ಮುಂದ ನನ್ನ ಕಪಾಳಕ್ಕ ಹೊಡದ್ಳು. ಯಾಕ ಗೊತ್ತೇನು? ಬದುಕಿದ್ದಕ್ಕ!”

ಫೋನು ಕಟ್ಟಾಯಿತು. ಅಮರೇಶ್ ಅಂಗಡಿ ಬಿಟ್ಟು ಓಡಿಹೋಗಿ ತನ್ನ ಫ್ಲೆಕ್ಸಿನ ಎದುರು ನಿಂತ. ಯಾರೋ ಪುಣ್ಯಾತ್ಮರು ಅದಕ್ಕೆ ಚೆಂಡುಹೂವಿನ ಹಾರ ಹಾಕಿ ಹೋಗಿದ್ದರು. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಆಗ ಅವನಿಗೆ ಜ್ಞಾನೋದಯವಾಯಿತು: ಬಳ್ಳಾರಿಯಲ್ಲಿ ಐವತ್ತು ತಲೆಯ ಫ್ಲೆಕ್ಸೆಂದರೆ ಸಂಭ್ರಮ, ಒಂದೇ ತಲೆಯ ಫ್ಲೆಕ್ಸೆಂದರೆ ಶ್ರದ್ಧಾಂಜಲಿ!

ಸಂಜೆ ದಾಕ್ಷಾಯಣಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಮೂರೂ ತಗಸ್ರಿ. ಸಿರುಗುಪ್ಪಕ್ಕ ಹೋಗಿ ಅವ್ರ ಕಾಲಿಗೆ ಬೀಳ್ರಿ.”

ಬೇರೆ ಗಂಡನಾಗಿದ್ದರೆ ಬೀಳುತ್ತಿದ್ದ. ಇವನು ರಾಕ್ ಕೇಳಿ ಬೆಳೆದವನು! “ತಗಿಯಾಂಗಿಲ್ಲ! ತಗದ್ರ ಸತ್ತದ್ದು ಖರೇ ಅಂತಾರ. ಸುಳ್ಳು ಎಷ್ಟು ದೊಡ್ಡದೈತೋ ಅಷ್ಟು ದೊಡ್ಡದಾಗಿ ಖರೇ ಹೇಳಬೇಕು!”

“ಹೆಂಗ ಹೇಳ್ತೀರಿ?”

“ಮೈಕಿನಾಗ!”

ಹೀಗೆ ಅಂಜಿನೇಯನ ಪ್ರಚಾರದ ಆಟೋ ಕಣಕ್ಕಿಳಿಯಿತು. ಅಂಜಿನೇಯ ಎಂದರೆ ಸಾಮಾನ್ಯನಲ್ಲ, ಇಪ್ಪತ್ತು ವರ್ಷ ಎಲ್ಲ ಪಕ್ಷಗಳಿಗೂ ಒಂದೇ ನಿಷ್ಠೆಯಿಂದ ಕೂಗಿದ ಕಂಠ. ಏನು ಕೂಗಬೇಕೆಂದು ಅಮರೇಶ್ ಚೀಟಿ ಬರೆದುಕೊಟ್ಟ. ‘ಅವರು ಆರೋಗ್ಯವಾಗಿದ್ದಾರೆ, ತಪ್ಪಾಗಿದೆ, ಕ್ಷಮಿಸಿ’ ಎಂದು ಬರೆದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಪೆನ್ನು ಹಿಡಿದ ಕೂಡಲೇ ಅವನೊಳಗಿನ ಹದಿನೇಳರ ಹುಡುಗ ಎದ್ದು ಕೂತ. ಶುಕ್ರವಾರ ಇಡೀ ದಿನ ಬಳ್ಳಾರಿಯಿಂದ ಕುರುಗೋಡು, ಕುರುಗೋಡಿನಿಂದ ತೆಕ್ಕಲಕೋಟೆ, ಅಲ್ಲಿಂದ ಸಿರುಗುಪ್ಪದವರೆಗೆ ಆಕಾಶ ಬಿರಿಯಿತು.

“ಮಹಾಜನರೇ! ದೊಡ್ಡಬಸವರಾಜ ಸತ್ತಿಲ್ಲ! ದೊಡ್ಡಬಸವರಾಜ ಸಾಯುವುದೂ ಇಲ್ಲ! ಕಣ್ಣಾರೆ ಕಾಣಲು ಭಾನುವಾರ ಬನ್ನಿ!”

ಸಂಗೀತಕ್ಕೆ ಸಾವಿಲ್ಲ ಎಂಬುದು ಅಮರೇಶನ ಅರ್ಥ. ಗುರುವಾರ ಸತ್ತವನು ಶುಕ್ರವಾರ ಎದ್ದು ಕೂತಿದ್ದಾನೆ, ಇನ್ನು ಮೇಲೆ ಸಾಯುವುದೂ ಇಲ್ಲವಂತೆ ಎಂಬುದು ಜನರ ಅರ್ಥ. ಯಾರನ್ನು ತಪ್ಪೆನ್ನುವಿರಿ? ಶನಿವಾರ ಮಧ್ಯಾಹ್ನ ಮತ್ತೆ ಸಿರುಗುಪ್ಪದ ಫೋನು.

“ಮುಂಜಾನಿಂದ ಹದಿನೆಂಟು ತೆಂಗಿನಕಾಯಿ ಬಂದಾವಲೇ! ತೆಕ್ಕಲಕೋಟಿ ಮುದುಕಿ ಒಬ್ಬಾಕಿ ಮಮ್ಮಗನ ತಲಿ ಮ್ಯಾಲ ಕೈ ಇಡು ಅಂತ ಕುಂತಾಳ, ಏಳವಲ್ಲಳು. ನಮ್ಮ ಎರ್ರಮ್ಮ ಏನಂತಾಳ ಗೊತ್ತೇನು?”

ದೊಡ್ಡಬಸವರಾಜನ ಹೆಂಡತಿ ಎರ್ರಮ್ಮ ಏನೆನ್ನುತ್ತಾಳೆಂದು ಕೇಳಬೇಕಾಗಲಿಲ್ಲ. ಹಿಂದಿನಿಂದ ಆಕೆಯ ದನಿ ಫೋನನ್ನೇ ಸೀಳಿಕೊಂಡು ಬಂತು. “ಅಯ್ಯೋ ದೇವುಡಾ! ಸಾಯಂಗಿಲ್ಲಂತ! ಜನ್ಮಾಪೂರ್ತಿ ಈ ಮನುಷ್ಯಾನ್ನ ನಾನಾ ನೋಡ್ಕೊಬೇಕೇನು?”

“ಅಣ್ಣಾ, ತಪ್ಪಾತು...”

“ಮುಚ್ಚಲೇ ಬಾಯಿ! ಬರ್ತೀನಿ ನಾಳಿ! ಎಲ್ಲರ ಮುಂದ ನಿಂತು, ನಾ ನಿಮ್ಮಂಗ ಮಾಮೂಲಿ ಮನುಷ್ಯಾ, ಒಂದಿನ ಸಾಯಾಂವಾ ಅಂತ ಹೇಳಾಕ ಬರ್ತೀನಿ! ನಾಟಿ ಹಾಳಾಗಿ ಹೋಗ್ಲಿ!”

ಎಷ್ಟು ಕೈಕಾಲು ಹಿಡಿದರೂ ಬರಲೊಪ್ಪದ ಮನುಷ್ಯ ಬರುತ್ತೇನೆಂದ! ಅಮರೇಶ್ ಫೋನಿಗೆ ಮುತ್ತು ಕೊಟ್ಟ. ಬೈಗುಳ ತಿಂದು ಇಷ್ಟು ಸುಖಪಟ್ಟ ಗಂಡಸನ್ನು ದಾಕ್ಷಾಯಣಿ ಈವರೆಗೆ ಕಂಡಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿಲ್ಲ. ಅರ್ಧ ಮಂದಿ ಹಾರ ತಂದಿದ್ದರು, ಅರ್ಧ ಮಂದಿ ತೆಂಗಿನಕಾಯಿ ತಂದಿದ್ದರು. ಅಂದರೆ ಅರ್ಧ ಮಂದಿಗೆ ಫ್ಲೆಕ್ಸ್ ಮುಟ್ಟಿತ್ತು, ಅರ್ಧ ಮಂದಿಗೆ ಆಟೋ ಮುಟ್ಟಿತ್ತು. ಪ್ರಚಾರ ಎಂದರೆ ಇದಪ್ಪಾ! ದೊಡ್ಡಬಸವರಾಜ ಎರ್ರಮ್ಮನೊಂದಿಗೆ ಬಂದು, ಯಾರ ಕಡೆಗೂ ನೋಡದೆ, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೈಕಟ್ಟಿ ಕೂತ. ದಾಕ್ಷಾಯಣಿ ಬಾಗಿಲ ಬಳಿ ನೋಟ್‌ಬುಕ್ಕು ಹಿಡಿದು ನಿಂತಳು.

ದೀಪ ಆರಿತು. ಚಿತ್ರದ ಮೊದಲ ಒಂದು ನಿಮಿಷ ಅಮರೇಶ್ ಪರದೆಯನ್ನು ಬರೀ ಕಪ್ಪಾಗಿ, ಸದ್ದಿಲ್ಲದೆ ಇಟ್ಟಿದ್ದ. ಆ ಮೌನದ ಮೇಲೆ ಗಿಟಾರ್ ಸಿಡಿಲಿನಂತೆ ಎರಗಬೇಕೆಂಬುದು ಅವನ ಲೆಕ್ಕ. ಕತ್ತಲಲ್ಲಿ ಕುರ್ಚಿಗಳು ಕಿರ್ರೆಂದವು. ಒಬ್ಬರು ಎದ್ದರು, ಹತ್ತು ಮಂದಿ ಎದ್ದರು, ಇಡೀ ಭವನ ಎದ್ದು ತಲೆ ತಗ್ಗಿಸಿ ನಿಂತಿತು. ಮೌನಾಚರಣೆ! ಎಲ್ಲರೂ ನಿಂತದ್ದು ಕಂಡು ದೊಡ್ಡಬಸವರಾಜನೂ ಎದ್ದು ನಿಂತ.

“ರೀ, ನೀವ್ಯಾಕ ನಿಂತ್ರಿ? ನಿಮಗಾ ಅಲ್ಲೇನು ಇದು?” ಎಂದು ಎರ್ರಮ್ಮ ಪಂಚೆ ಹಿಡಿದು ಎಳೆಯುವುದಕ್ಕೂ ಗಿಟಾರ್ ಸಿಡಿಯುವುದಕ್ಕೂ ಸರಿಹೋಯಿತು. ಮುನ್ನೂರು ಮಂದಿ ಬೆಚ್ಚಿಬಿದ್ದು ಒಟ್ಟಿಗೆ ಕೂತರು.

ಕೂತವರು ಏಳಲಿಲ್ಲ. ಏಳುವಂತಿರಲಿಲ್ಲ! ದುಃಖದ ಮನೆಗೆ ಹೋದವರು ಮನೆಯವರಿಗೆ ಮುಖ ತೋರಿಸದೆ, ಒಂದು ಮಾತಾಡದೆ ವಾಪಸ್ಸು ಬರುವುದುಂಟೇ? ಇಲ್ಲಿ ಮನೆಯವರಿರಲಿ, ಹೋದವನೇ ಮೊದಲ ಸಾಲಿನಲ್ಲಿ ಕೂತು ಕಣ್ಣು ಪಿಳುಕಿಸದೆ ಪರದೆ ನೋಡುತ್ತಿದ್ದಾನೆ. ಅವನು ಏಳುವವರೆಗೆ ಯಾರು ಎದ್ದಾರು?

ಅರ್ಧ ಗಂಟೆಯಾದ ಮೇಲೆ ಬೇರೊಂದು ನಡೆಯಿತು. ಪರದೆಯ ಮೇಲೆ ಕುರುಗೋಡಿನ ಆ ಹಳೆಯ ಟ್ರೇಲರ್ ಬಂತು. ಯಾರದೋ ಮದುವೆ ವಿಡಿಯೋದವನು ಉಳಿದ ಕ್ಯಾಸೆಟ್ಟಿನಲ್ಲಿ ಹಿಡಿದದ್ದು. ದೊಡ್ಡಬಸವರಾಜ ಉದ್ದ ಕೂದಲು ಬೀಸಿ ಬಾರಿಸುತ್ತಿದ್ದಾನೆ, ಮುಂದೆ ಪಟಕಾ ಸುತ್ತಿದ ಹಿರಿಯರು, ಎತ್ತಿಕೊಂಡ ಮಕ್ಕಳು, ಎಲ್ಲ ಕುಣಿಯುತ್ತಿದ್ದಾರೆ. ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದಳು. “ಏ, ನಮ್ಮಪ್ಪಾ! ನೋಡ್ರೇ, ನಮ್ಮಪ್ಪಾ ಕುಣಿಯಾಕತ್ತಾನ!”

“ಅವ್ರ ಬಾಜೂಕ ನಮ್ಮ ಕಾಕಾ!”

“ನಮ್ಮ ಟ್ರ್ಯಾಕ್ಟರಲೇ ಅದು! ಲೇ, ನಮ್ಮ ಟ್ರ್ಯಾಕ್ಟರು!”

ಬದುಕಿರುವವನಿಗಾಗಿ ಅಳಲು ಬಂದ ಜನ ಸತ್ತುಹೋದ ತಮ್ಮವರು ಕುಣಿಯುವುದನ್ನು ನೋಡಿ ನಕ್ಕರು, ಅತ್ತರು, ಸೀಟಿ ಹೊಡೆದರು. ಅಮರೇಶ್ ಗೋಡೆಗೆ ಒರಗಿ ನಿಂತಿದ್ದವನು ಹಾಗೇ ಕೆಳಗೆ ಕುಸಿದು ಕೂತ. ಐದು ವರ್ಷ ಇದಕ್ಕೇ ಅಲ್ಲವೇ ಅವನು ಊರೂರು ಅಲೆದದ್ದು! ಅವನಿಗೆ ಅಳು ತಡೆಯಲಾಗಲಿಲ್ಲ.

ಚಿತ್ರ ಮುಗಿದಾಗ ದೊಡ್ಡಬಸವರಾಜ ಮೈಕಿನ ಮುಂದೆ ಬಂದ. ತಾನು ಸಾಯುವವನೆಂದು ಸಾರಲು ಬಂದವನು ಗಂಟಲು ಸರಿಮಾಡಿಕೊಂಡು ಬೇರೇನೋ ಅಂದ.

“ಇಪ್ಪತ್ತೇಳು ವರ್ಷ ಆತು ಕೈ ಹಚ್ಚಿಲ್ಲ. ಯಾರು ಕೇಳ್ತಾರ ಬಿಡು ಅಂದ್ಕೊಂಡು ಸುಮ್ನಿದ್ದೆ. ನಂದು ತಪ್ಪು. ಮತ್ತ ಬಾರಸ್ತೀನಿ! ಯಾವಾಂವ ಬ್ಯಾಡ ಅಂತಾನ ನೋಡ್ತೀನಿ!”

“ನಾ ಅಂತೀನಿ!” ಎಂದಳು ಎರ್ರಮ್ಮ ಮೊದಲ ಸಾಲಿನಿಂದ. “ನಮ್ಮನ್ಯಾಗ ಗೊಬ್ಬರದ ಚೀಲ ಇಡಾಕಾ ಜಾಗಿಲ್ಲ. ಎಲ್ಲಿ ಬಾರಸ್ತೀರಿ?”

ಆಗ ಬಾಗಿಲ ಬಳಿಯಿಂದ ದಾಕ್ಷಾಯಣಿಯ ದನಿ ಬಂತು, ಬೆಲ್ಲದ ಪಾಕದಷ್ಟು ಸಿಹಿಯಾಗಿ.

“ಅಣ್ಣಾರ, ನಮ್ಮನ್ಯಾಗ ಹೊರಗಿನ ಖೋಲಿ ಐತ್ರಿ. ವಾರಕ್ಕೊಮ್ಮೆ ಬಂದು ಧಾರಾಳ ಬಾರಿಸ್ರಿ. ಆ ಖೋಲಿ ನಮ್ಮನ್ಯಾರದು. ಈಗ ತಾನ ಗೆದ್ದಾರ. ಮುನ್ನೂರಾ ಹನ್ನೆರಡು ಮಂದಿ!”

ಚಪ್ಪಾಳೆಯೋ ಚಪ್ಪಾಳೆ! ತನ್ನ ದೇವರು ತನ್ನ ಮನೆಗೆ! ಅಮರೇಶ್ ಹೆಂಡತಿಯನ್ನು ಹೆಮ್ಮೆಯಿಂದ ನೋಡಿದ. ಕೊನೆಗೂ ಇವಳ ಕಿವಿಗೆ ರಾಕ್ ಇಳಿಯಿತಲ್ಲ ಎಂದುಕೊಂಡ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನು ಹಾಗೆಲ್ಲ ಅಂದುಕೊಳ್ಳಬಾರದಿತ್ತು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆಯೇ ಮನೆಯ ಮುಂದೆ ಟೆಂಪೋ ನಿಂತಿತು. ಗಿಟಾರ್, ಎರಡು ದೊಡ್ಡ ಸ್ಪೀಕರು, ತಂಡದ ಹಳೆಯ ಡ್ರಮ್ಮರ್ ಕರಿಬಸವ, ಅವನ ಐದು ಡ್ರಮ್ಮು. ದೊಡ್ಡಬಸವರಾಜ ಖೋಲಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿದ.

“ಇವೇನಲೇ ಇಷ್ಟು ಟ್ರಂಕು?”

“ಕ್ಯಾಸೆಟ್ ಅಣ್ಣಾ!” ಎಂದ ಅಮರೇಶ್ ಎದೆಯುಬ್ಬಿಸಿ. “ಮೂವತ್ತು ವರ್ಷದ ಸಂಗ್ರಹ!”

“ಇದ್ರಾಗ ನಮ್ಮ ಕಗ್ಗಲ್ಲಿಂದು ಎಷ್ಟದಾವು?”

“ಒಂದಣ್ಣಾ. ನೀವು ಮಾಡಿದ್ದಾ ಒಂದು.”

“ಹಂಗಾರ ಅದೊಂದಿಟ್ಟುಗೋ. ಉಳಿದದ್ದು ಹೊರಗ ಹಾಕಲೇ, ಕರಿಬಸವನ ಡ್ರಮ್ ಎಲ್ಲಿ ಇಡಾನು?”

ದೇವರ ಅಪ್ಪಣೆ! ಅಮರೇಶ್ ಪಂಚೆ ಮೇಲಕ್ಕೆ ಕಟ್ಟಿದ, ಒಂದೊಂದೇ ಟ್ರಂಕನ್ನು ತಾನೇ ಹೊತ್ತು ಅಂಗಳಕ್ಕೆ ತಂದಿಟ್ಟ. ಅರ್ಧ ಗಂಟೆಯಲ್ಲಿ ಖೋಲಿ ಬಯಲಾಯಿತು. ಡ್ರಮ್ಮುಗಳು ಗೋಡೆಗೆ ಒತ್ತಿ ಕೂತವು, ನಡುವೆ ಇಪ್ಪತ್ತು ಮಕ್ಕಳು ಚಕ್ಕಂಬಕ್ಕಳ ಹಾಕಿ ಕೂರುವಷ್ಟು ಜಾಗ ಉಳಿಯಿತು. ದಾಕ್ಷಾಯಣಿ ಎಲ್ಲಿಂದಲೋ ಕರಿಹಲಗೆ ತಂದು ಮೊಳೆಗೆ ತೂಗುಹಾಕಿದಳು. “ವಾರಪೂರ್ತಿ ಖಾಲಿ ಯಾಕ ಬಿಡಬೇಕು? ಸಂಜಿ ಐದಕ್ಕ ಹುಡುಗ್ರು ಬರ್ತಾರ,” ಎಂದಳು ಯಾರಿಗೋ ಎಂಬಂತೆ.

ಅಮರೇಶನಿಗೆ ಆಗ ಲೆಕ್ಕ ಅರ್ಥವಾಯಿತು. ಬೆವರು ಒರೆಸಿಕೊಂಡು, ಸೋತ ಸೈನ್ಯದ ಸೇನಾಪತಿಯಂತೆ ಕತ್ತು ನೆಟ್ಟಗೆ ಮಾಡಿ ಗುಡುಗಿದ.

“ದಾಕ್ಷಾಯಣಿ! ಹೆಂಡ್ತಿ ಮಾತಿಗೆ ಹೆದರಿ ತಗದೀನಂತ ತಿಳ್ಕೊಬ್ಯಾಡ! ಕಲಾವಿದ್ರ ಮಾತಿಗೆ ತಗದೀನಿ, ಕಲಾವಿದ್ರ ಮಾತಿಗೆ!”

“ಯಾರ ಮಾತಿಗಾದ್ರೂ ತಗೀರಿ,” ಎಂದಳು ಆಕೆ, ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ನೇರ ಗೆರೆ ಎಳೆಯುತ್ತ. “ಟ್ರಂಕು ಹತ್ತಾದ್ವು. ಬಾಗಿಲ ಹಿಂದಿಂದು ಬಿಟ್ಟೀರಿ ನೋಡ್ರಿ.”